ಬೆನ್ನ ಹಿಂದಿನ ಉಸಿರು

ನನಗೆ ಕ್ಷಯ ಆಗಿತ್ತು. ಈ ಮಾತನ್ನು ಹೀಗೆ ಒಂದೇ ಸಾಲಿನಲ್ಲಿ ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ನಮ್ಮ ಮನೆಯಲ್ಲಿ ಇವತ್ತಿಗೂ ಆ ಕಾಲಕ್ಕೆ ‘ಸುಮಿತ್ರಾ ಧಾರವಾಡಕ್ಕೆ ಹೋಗಿದ್ದಾಗ’ ಎಂದೇ ಹೆಸರು. ಆ ಹದಿನಾಲ್ಕು ತಿಂಗಳಲ್ಲಿ ನಾನು ಧಾರವಾಡದ ಮುಖ ಕೂಡ ನೋಡಲಿಲ್ಲ. ಮುಂಬಯಿಯದೇ ಒಂದು ಕ್ಷಯದ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಬಾಗಿಲಿನಿಂದ ಏಳನೆಯ ಮಂಚದ ಮೇಲೆ ಮಲಗಿದ್ದೆ. ಬರೆಯದೆ ಇದ್ದುದಕ್ಕೆ ನಾಚಿಕೆಯೊಂದೇ ಕಾರಣವಲ್ಲ. ಬರೆದರೆ ಒಬ್ಬ ತಾಯಿಗೆ ನೋವಾಗುತ್ತಿತ್ತು. ಅವರು ಹೋದ ವರ್ಷ ಉಡುಪಿಯ ಕಡೆ ತಮ್ಮ ಊರಿನಲ್ಲಿ ತೀರಿಕೊಂಡರೆಂದು ತಿಳಿಯಿತು. ಇನ್ನು ಬರೆಯಬಹುದು.

ಐವತ್ತರ ದಶಕದ ನಡುವಿನ ಮಾತು. ನಾನು, ಅಣ್ಣ, ಅವನ ಹೆಂಡತಿ ವೈನಿ ಮೂವರೂ ಬೈಕುಲ್ಲಾದ ಒಂದು ಚಾಳಿನ ಮೂರನೆಯ ಮಾಳಿಗೆಯಲ್ಲಿ ಒಂದೂವರೆ ಕೋಣೆಯ ಮನೆಯಲ್ಲಿದ್ದೆವು. ಅಣ್ಣ ರೈಲ್ವೆಯಲ್ಲಿ ಗುಮಾಸ್ತ, ನಾನು ಫೋರ್ಟಿನ ಒಂದು ಕಚೇರಿಯಲ್ಲಿ ಟೈಪಿಸ್ಟ್. ಇಪ್ಪತ್ನಾಲ್ಕು ಮುಗಿದಿದ್ದರೂ ಮದುವೆಯಾಗಿರಲಿಲ್ಲ. ಕಾರಣ ನನ್ನ ಎತ್ತರ. ಬಂದ ವರಗಳು ಒಮ್ಮೆ ನನ್ನ ಪಕ್ಕ ನಿಂತು ನೋಡಿ, ಅವಲಕ್ಕಿ ತಿಂದು, ಚಹಾ ಕುಡಿದು, ಕಾಗದ ಬರೆಯುತ್ತೇವೆಂದು ಹೇಳಿ ಹೋದವರು ಹೋದವರೇ. ಯಾರಿಗೂ ಬೇಡವಾದ ಆ ಎತ್ತರ ಮಾಲತೀಬಾಯಿಯವರಿಗೆ ಮಾತ್ರ ಬೇಕಾಯಿತು.

ಮಾಲತೀಬಾಯಿ ಬಾಂದ್ರಾದ ಒಂದು ಹಳೆಯ ಬಂಗಲೆಯಲ್ಲಿ ನೃತ್ಯನಾಟಕ ಕಟ್ಟುತ್ತಿದ್ದರು. ಯುದ್ಧಕ್ಕೆ ಮುಂಚೆ ಅವರ ಗಂಡನಿಗೆ ಜಪಾನಿನ ಕೋಬೆಯಲ್ಲಿ ಬಟ್ಟೆಯ ವ್ಯಾಪಾರವಿತ್ತಂತೆ. ಅಲ್ಲಿದ್ದಾಗ ಅವರು ಆ ದೇಶದ ಬೊಂಬೆಯಾಟಕ್ಕೆ ಮರುಳಾಗಿ ಬಂದಿದ್ದರು. ಅದರಲ್ಲಿ ಒಂದು ಬೊಂಬೆಯನ್ನು ಆಡಿಸುವವರು ಮೂವರು. ದಾರವಿಲ್ಲ, ಮರೆಯೂ ಇಲ್ಲ. ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ ತೊಟ್ಟು, ಮುಖದ ಮೇಲೂ ಕಪ್ಪು ತೆಳುಬಟ್ಟೆ ಇಳಿಬಿಟ್ಟುಕೊಂಡು ಎಲ್ಲರೆದುರಿಗೇ ನಿಂತು ಆಡಿಸುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ನೋಡುವವರಿಗೆ ಅವರು ಕಾಣುವುದೇ ಇಲ್ಲ ಎನ್ನುತ್ತಿದ್ದರು ಮಾಲತೀಬಾಯಿ. ಅವರು ಮಾಡಿದ ಬದಲಾವಣೆ ಒಂದೇ, ಮರದ ಬೊಂಬೆಯ ಜಾಗದಲ್ಲಿ ಜೀವಂತ ಹುಡುಗಿಯನ್ನು ನಿಲ್ಲಿಸಿದ್ದರು. ಕಡಲತೀರದ ಊರಿನ ಒಂದು ಬೊಂಬೆ ಭೂಕಂಪದಲ್ಲಿ ಬಿದ್ದು ಮುರಿಯುತ್ತದೆ. ಮೂರು ನೆರಳುಗಳು ಅದನ್ನು ಕೂಡಿಸಿ ಎಬ್ಬಿಸುತ್ತವೆ. ಮತ್ತೆ ಬೀಳುತ್ತದೆ, ಮತ್ತೆ ಏಳುತ್ತದೆ. ಕಥೆ ಇಷ್ಟೇ.

ನನ್ನನ್ನು ಅಲ್ಲಿಗೆ ಕರೆದೊಯ್ದವಳು ಕಚೇರಿಯ ಗೆಳತಿ ಕುಸುಮ್. ಸುಮ್ಮನೆ ನೋಡಲು ಹೋಗಿದ್ದೆ. ಮಾಲತೀಬಾಯಿ ನನ್ನನ್ನು ಕೆಳಗಿನಿಂದ ಮೇಲೆ ಒಮ್ಮೆ ನೋಡಿದರು. ನನಗೆ ಕುಣಿಯಲು ಬರುವುದಿಲ್ಲ ಎಂದೆ. ಕುಣಿಯುವವರು ಬೇಕಾದಷ್ಟಿದ್ದಾರೆ, ಹಿಡಿದುಕೊಳ್ಳುವವರು ಬೇಕು ಎಂದರು. ಅಂದಿನಿಂದ ಬೊಂಬೆಯ ತಲೆ ಮತ್ತು ಬಲಗೈ ನನ್ನ ಪಾಲಿಗೆ, ಎಡಗೈ ಕುಸುಮ್‌ಳ ಪಾಲಿಗೆ, ಕಾಲು ಪೆರಿನ್ ಎಂಬ ಪಾರ್ಸಿ ಹುಡುಗಿಯ ಪಾಲಿಗೆ ಬಂದವು.

ಮನೆಯಲ್ಲಿ ಅಂಜುತ್ತಲೇ ಹೇಳಿದೆ. ಅಣ್ಣ ಎಲ್ಲ ಕೇಳಿ, ಕನ್ನಡಕ ಒರೆಸಿಕೊಂಡು ಎರಡೇ ಪ್ರಶ್ನೆ ಕೇಳಿದ.

“ಮಾರಿ ಪೂರ್ತಿ ಮುಚ್ಚಿರ್ತದೇನು?”

“ಹೂಂ.”

“ಹೆಸರೂ ಹೇಳೂದಿಲ್ಲಲ್ಲ?”

“ಇಲ್ಲ.”

“ಹಂಗಿದ್ರ ಹೋಗ್ಲಿ ಬಿಡು.”

ವೈನಿ ಒಲೆಯ ಮುಂದಿನಿಂದಲೇ, “ಮಾರಿ ಮುಚ್ಕೊಂಡು ನಾಟಕಾ ಮಾಡೂದಂದ್ರ, ಬಾಯಿ ಮುಚ್ಕೊಂಡು ಹಾಡಿದಂಗ ಆತು ನೋಡು” ಎಂದು ನಕ್ಕಳು. ಮುಖ ಕಾಣದಿದ್ದರೆ ಮನೆತನದ ಮರ್ಯಾದೆಗೆ ಧಕ್ಕೆಯಿಲ್ಲ ಎಂಬುದು ನಮ್ಮೆಲ್ಲರ ಲೆಕ್ಕ. ಆ ಬಟ್ಟೆಯ ಹಿಂದೆ ಇನ್ನೇನು ಅಡಗಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಬೊಂಬೆಯಾದವಳು ಲೀಲಾ. ಹದಿನೇಳರ ಹುಡುಗಿ. ಅವಳ ತಂದೆಗೆ ಜೋಗೇಶ್ವರಿ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಉಡುಪಿ ಹೋಟೆಲು. ತಾಯಿ ಸುಂದರಿಯಮ್ಮ ದಿನವೂ ಮಗಳ ಜೊತೆ ಲೋಕಲ್‌ನಲ್ಲಿ ಬಂದು, ತಾಲೀಮು ಮುಗಿಯುವವರೆಗೆ ಬಂಗಲೆಯ ಮೆಟ್ಟಿಲ ಮೇಲೆ ಮಲ್ಲಿಗೆ ಕಟ್ಟುತ್ತ ಕೂತಿರುತ್ತಿದ್ದರು. ನಮಗೆಲ್ಲ ಹೋಟೆಲಿನ ಗೋಳಿಬಜೆ ತರುತ್ತಿದ್ದರು. “ನನ್ನ ಮಗಳು ನನ್ನ ಹತ್ರ ಒಂದು ಸುದ್ದಿಯೂ ಬಚ್ಚಿಡ್ಲಿಕ್ಕಿಲ್ಲ” ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ನಮ್ಮ ತಾಲೀಮಿನಲ್ಲಿ ತಾಳವಿರಲಿಲ್ಲ, ಎಣಿಕೆಯಿರಲಿಲ್ಲ. ಸೂಚನೆಯೆಲ್ಲ ಉಸಿರಿನಲ್ಲಿ. ಬೆನ್ನ ಹಿಂದೆ ನಿಂತ ನಾನು ಮೂಗಿನಿಂದ ಉಸಿರೆಳೆದರೆ ಬೊಂಬೆ ಏಳಬೇಕು, ಬಿಟ್ಟರೆ ಬಾಗಬೇಕು. ಕುಸುಮ್ ಮತ್ತು ಪೆರಿನ್ ಅದೇ ಉಸಿರಿಗೆ ಕಿವಿಗೊಟ್ಟು ಕೈಕಾಲು ಆಡಿಸಬೇಕು. ಲೀಲಾ ಅದನ್ನು ಕಿವಿಯಿಂದ ಕೇಳುತ್ತಿರಲಿಲ್ಲ. ಅವಳ ಕತ್ತಿನ ಹಿಂಭಾಗಕ್ಕೂ ನನ್ನ ಬಾಯಿಗೂ ನಡುವೆ ನಾಲ್ಕು ಬೆರಳಿನ ಅಂತರವೂ ಇರುತ್ತಿರಲಿಲ್ಲ. ಏಳು ತಿಂಗಳು, ವಾರಕ್ಕೆ ನಾಲ್ಕು ಸಂಜೆ, ನಾನು ಆ ಹುಡುಗಿಯ ಕತ್ತಿನ ಮೇಲೆ ಉಸಿರಾಡಿದೆ.

ಮಳೆಗಾಲದಲ್ಲಿ ಹಿಡಿದ ಕೆಮ್ಮು ದಸರೆ ಬಂದರೂ ಹೋಗಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ರವಿಕೆ ಸಡಿಲಾಯಿತು. ವೈನಿ ಜ್ಯೇಷ್ಠಮಧು ಅಗಿಯಲು ಕೊಟ್ಟಳು, ಶುಂಠಿಯ ಕಷಾಯ ಕುಡಿಸಿದಳು, ಕೊನೆಗೆ ಚಾಳಿನ ಕೆಳಗೆ ಇದ್ದ ಪಾರ್ಸಿ ಡಾಕ್ಟರರ ಹತ್ತಿರ ಅಟ್ಟಿದಳು. ಅವರು ಬೆನ್ನಿಗೆ ಬೆರಳಿಟ್ಟು ತಟ್ಟಿ, ಬಹಳ ಹೊತ್ತು ಕೇಳಿ, ಚೀಟಿ ಬರೆದರು. “ಛಾತೀ ಕಾ ಫೋಟೋ ನಿಕಾಲೋ, ಬೇಟಾ. ಕಲ್ ನಹೀ, ಆಜ್.”

ನಾಳೆಯಲ್ಲ, ಇವತ್ತೇ ಎದೆಯ ಫೋಟೋ, ಅಂದರೆ ಎಕ್ಸ್‌ರೇ, ತೆಗೆಸು ಎಂದರೆ ಏನೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ನಮ್ಮ ದೊಡ್ಡವ್ವ ಅದೇ ರೋಗದಿಂದ ಹೋದವಳು. ಅವಳ ತಟ್ಟೆಯನ್ನು ಹಿತ್ತಲಲ್ಲಿ ಹೂಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಪ್ರದರ್ಶನಕ್ಕೆ ಐದು ವಾರ ಉಳಿದಿತ್ತು. ಮನೆಯಲ್ಲಿ ನೆಗಡಿ ಎಂದು ಹೇಳಿ, ಆ ಚೀಟಿಯನ್ನು ಕಚೇರಿಯಲ್ಲಿ ನನ್ನ ಮೇಜಿನ ಖಾನೆಯೊಳಗೆ, ಕಾರ್ಬನ್ ಕಾಗದಗಳ ಕೆಳಗೆ ಇಟ್ಟೆ. ಬರೀ ಐದು ವಾರ ಎಂದುಕೊಂಡೆ. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಯಾವುದಕ್ಕೂ ಹುಡುಕಿಕೊಂಡು ಬಂದಿರಲಿಲ್ಲ. ಆ ಬಂಗಲೆಯಲ್ಲಿ ನಾನಿಲ್ಲದೆ ಬೊಂಬೆ ಏಳುತ್ತಿರಲಿಲ್ಲ. ಅದನ್ನು ಬಿಟ್ಟುಕೊಡುವ ಮನಸ್ಸು ನನಗಾಗಲಿಲ್ಲ. ಲೀಲಾಳ ಕತ್ತು ನನ್ನ ನೆನಪಿಗೇ ಬರಲಿಲ್ಲವೆಂದರೆ ಸುಳ್ಳು. ಬಂತು. ಬಂದಾಗಲೆಲ್ಲ ಬೇರೆ ಏನನ್ನೋ ಯೋಚಿಸಿದೆ.

ಅಷ್ಟರಲ್ಲಿ ನನ್ನ ಉಸಿರು ಕೆಟ್ಟಿತ್ತು. ಒಂದೇ ಎಳೆತಕ್ಕೆ ಮೇಲೆ ಹೋಗುತ್ತಿರಲಿಲ್ಲ. ಅರ್ಧದಲ್ಲಿ ಸಿಕ್ಕಿಕೊಂಡು, ನಡುಗಿ, ಆಮೇಲೆ ಏರುತ್ತಿತ್ತು. ಅದರ ಜೊತೆಗೆ ಬೊಂಬೆಯೂ ಅರ್ಧ ಎದ್ದು, ನಡುಗಿ, ಆಮೇಲೆ ನಿಲ್ಲುತ್ತಿತ್ತು. ಬೈಸಿಕೊಳ್ಳುತ್ತೇನೆಂದು ನಾನು ಕಾದರೆ ಮಾಲತೀಬಾಯಿ ಕುರ್ಚಿಯಿಂದ ಎದ್ದುಬಿಟ್ಟರು. “ಹೇಚ್! ಹೇಚ್ ಪಾಹಿಜೆ ಮಲಾ!” ಇದೇ, ಇದೇ ಬೇಕಾಗಿತ್ತು ನನಗೆ. ಬಿದ್ದವರು ಏಳುವುದು ಹೀಗೆ, ಸಲೀಸಾಗಿ ಯಾರು ಏಳುತ್ತಾರೆ ಎಂದು ನನ್ನ ಬೆನ್ನು ಚಪ್ಪರಿಸಿದರು. ನನ್ನ ಜನ್ಮದಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಮನೆಗೆ ಬರುವಾಗ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಮೂರು ಸಲ ನಿಂತು ದಮ್ಮು ತೆಗೆದುಕೊಂಡೆ. ಖುಷಿಯಾಗಿದ್ದೆ.

ಎರಡು ಪ್ರದರ್ಶನ. ಮೊದಲನೆಯದು ಸುಸೂತ್ರವಾಗಿ ಮುಗಿಯಿತು. ಎರಡನೆಯದರಲ್ಲಿ, ಬೊಂಬೆ ಕೊನೆಯ ಸಲ ಬಿದ್ದು ನಾನು ಅದರ ಮೇಲೆ ಬಾಗಿದಾಗ, ಬಾಯಿಯಲ್ಲಿ ಬಿಸಿಯಾಗಿ ಉಪ್ಪುಪ್ಪಾಗಿ ಏನೋ ತುಂಬಿಕೊಂಡಿತು. ನುಂಗಿದೆ. ಮತ್ತೆ ಬಂತು. ಮುಖದ ಬಟ್ಟೆ ಒದ್ದೆಯಾಗಿ ತುಟಿಗೆ ಅಂಟಿತು. ಕಪ್ಪು ಬಟ್ಟೆ, ಸಭೆಯಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಉಸಿರೆಳೆಯಲು ಆಗಲಿಲ್ಲ. ಲೀಲಾ ನನ್ನ ಕೈಯಲ್ಲಿ ತಲೆಯಿಟ್ಟು ಕಾದಳು. ಕಾದು ಕಾದು, ಸೂಚನೆ ಬಾರದೆ, ತಾನಾಗಿಯೇ ಎದ್ದು ನಿಂತಳು. ಚಪ್ಪಾಳೆ ನಿಲ್ಲಲೇ ಇಲ್ಲ. ಒಳಗೆ ಬಂದು ನಾನು ಕುಸಿದೆ. ಸುಂದರಿಯಮ್ಮ ಮಗಳ ಬಿಳಿ ಉಡುಪು ಮಡಿಸುವಾಗ ಕೊರಳಪಟ್ಟಿಯ ಹಿಂಭಾಗದಲ್ಲಿ ಕೆಂಪು ಹನಿಗಳನ್ನು ಕಂಡರು. ಮೊದಲು ಮಗಳಿಗೇ ಗಾಯವಾಗಿದೆಯೆಂದು ಹುಡುಕಿದರಂತೆ.

ಫೋಟೋದ ಸಾಲಿನಲ್ಲಿ ಮರುದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತೆವು. ಉದ್ದನೆಯ ಕಟ್ಟಿಗೆ ಬೆಂಚು. ಒಬ್ಬರು ಎದ್ದರೆ ಎಲ್ಲರೂ ಒಂದೊಂದು ಜಾಗ ಮುಂದಕ್ಕೆ ಸರಿಯಬೇಕು. ಯಾರೂ ಪಕ್ಕದವರ ಮುಖ ನೋಡುವುದಿಲ್ಲ, ಯಾರು ಕೆಮ್ಮಿದರೂ ಎಲ್ಲರೂ ನೆಲ ನೋಡುತ್ತಾರೆ. ಅಣ್ಣ ಬೆಂಚಿನ ಮೇಲೆ ಕೂರಲಿಲ್ಲ. ಕಂಬಕ್ಕೆ ಒರಗಿ, ಓದಿದ ಪೇಪರನ್ನೇ ಓದುತ್ತಿದ್ದ. ಡಾಕ್ಟರು ಗಾಜಿನ ಮುಂದೆ ಫೋಟೋ ಹಿಡಿದು ಎಡಗಡೆಯ ಕುಳಿಯನ್ನು ತೋರಿಸಿದಾಗ ಅವನು ಕೇಳಿದ್ದು ಒಂದೇ ಮಾತು. “ಇದು ಮಂದಿಗೆ ಗೊತ್ತಾಗದ ಹಂಗ ಮಾಡ್ಲಿಕ್ಕೆ ಬರ್ತದೇನ್ರಿ?” ಅವನ ಮೇಲೆ ಸಿಟ್ಟು ಬಂತು. ಐದು ವಾರ ನಾನು ಮಾಡಿದ್ದೂ ಅದನ್ನೇ ಎಂಬುದು ಆಮೇಲೆ ಹೊಳೆಯಿತು.

ಮನೆಗೆ ಸುಣ್ಣ ಹೊಡೆಸಿದರು. ಚಾಳಿನವರ ಪಾಲಿಗೆ ನಾನು ಧಾರವಾಡಕ್ಕೆ ಹೋದೆ. ಅಣ್ಣ ತಿಂಗಳಿಗೊಮ್ಮೆ ಬಂದು ಮಂಚದಿಂದ ಎರಡು ಮಾರು ದೂರ ನಿಂತು, ಟೊಪ್ಪಿಗೆ ತಿರುಗಿಸುತ್ತ, ಊಟ ಸೇರುತ್ತದೆಯೇ ಎಂದು ಕೇಳಿ ಹೋಗುತ್ತಿದ್ದ. ವೈನಿ ಪ್ರತಿ ರವಿವಾರ ಬರುತ್ತಿದ್ದಳು. ಬಂದವಳೇ ಮಂಚದ ಮೇಲೆ ಕೂತು, ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು.

“ವೈನಿ, ದೂರ ಕೂಡ್ರಿ. ನಿಮಗ ಹತ್ತಿದ್ರ?”

“ಹತ್ತಿದ್ರ ಹತ್ಲಿ. ಈ ಜಡಿ ನೋಡಿದ್ರ ರೋಗಕ್ಕ ಅಂಜಿಕಿ ಬರ್ತದ. ಸುಮ್ನ ಕೂಡು.”

ಸೂಜಿಮದ್ದಿನಿಂದ ಕಿವಿಯಲ್ಲಿ ಹಗಲೆಲ್ಲ ಗುಂಯ್ ಎನ್ನುತ್ತಿತ್ತು. ಬಿಳಿ ಪುಡಿಯ ಔಷಧ ನುಂಗಿದರೆ ಹೊಟ್ಟೆ ತೊಳೆಸುತ್ತಿತ್ತು. ಕೆಟ್ಟ ಶ್ವಾಸಕೋಶಕ್ಕೆ ವಿಶ್ರಾಂತಿ ಸಿಗಲೆಂದು ವಾರಕ್ಕೊಮ್ಮೆ ಪಕ್ಕೆಲುಬಿನ ನಡುವೆ ದಪ್ಪ ಸೂಜಿ ಚುಚ್ಚಿ ಗಾಳಿ ತುಂಬುತ್ತಿದ್ದರು. ಎಂಟನೆಯ ಮಂಚದಲ್ಲಿ ನಾನಿದ್ದಷ್ಟು ಕಾಲದಲ್ಲಿ ಮೂವರು ಬದಲಾದರು, ಮೂವರಲ್ಲಿ ಒಬ್ಬಳು ಮಾತ್ರ ನಡೆದುಕೊಂಡು ಹೋದಳು. ಸಾವಿನ ಭಯ ಇತ್ತು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಮೊದಲ ರವಿವಾರವೇ ವೈನಿಗೆ ಎಲ್ಲ ಹೇಳಿ ಅತ್ತೆ, ಜೋಗೇಶ್ವರಿಗೆ ಹೋಗಿ ಲೀಲಾಳ ಫೋಟೋ ತೆಗೆಸಲು ಹೇಳಿ ಬನ್ನಿ ಎಂದು ಬೇಡಿಕೊಂಡೆ. ಅವಳು ಬೈಯಲಿಲ್ಲ. ಎದ್ದು ಹೋದಳು. ಮುಂದಿನ ರವಿವಾರದವರೆಗೆ ನನಗೆ ನಿದ್ದೆಯಿಲ್ಲ.

“ತೆಗಿಸ್ಯಾರ. ಏನೂ ಇಲ್ಲಂತ. ಎದಿ ಸ್ವಚ್ಛ ಅದ ಅಂತ ಡಾಕ್ಟರ್ ಹೇಳ್ಯಾರ” ಎಂದು ವೈನಿ ಹೇಳಿದಾಗ ನಾನು ವಾರ್ಡಿನವರಿಗೆಲ್ಲ ಕೇಳುವಂತೆ ಬಿಕ್ಕಿ ಬಿಕ್ಕಿ ಅತ್ತೆ. ಆ ಮೂರು ತಿಂಗಳು ನನ್ನ ಮೈ ಚೆನ್ನಾಗಿ ಚೇತರಿಸಿಕೊಂಡಿತು.

ನಡುವೆ ಮಾಲತೀಬಾಯಿ ಒಮ್ಮೆ ಬಂದಿದ್ದರು. ಪಾಪ, ಮೋಸಂಬಿ ತಂದಿದ್ದರು. ನಾಟಕಕ್ಕೆ ಹೆಸರು ಬಂದಿದೆ, ಇನ್ನೂ ನಾಲ್ಕು ಪ್ರದರ್ಶನ ಆದವು, ನಿನ್ನ ಜಾಗದಲ್ಲಿ ಕುಸುಮ್ ನಿಲ್ಲುತ್ತಾಳೆ ಎಂದರು. ಆ ಸಿಕ್ಕಿಕೊಳ್ಳುವ ಉಸಿರನ್ನು ಅವಳಿಗೆ ಕಲಿಸಲು ಹದಿನೈದು ದಿನ ಬೇಕಾಯಿತಂತೆ. ನಾಟಕ ನೋಡಿದವರೆಲ್ಲ ಕಣ್ಣೀರು ಹಾಕುವುದು ಅಲ್ಲಿಯೇ ಅಂತೆ. ನನ್ನ ರೋಗವನ್ನು ಕುಸುಮ್ ಕಲಿತಳು. ನಾನು ನಕ್ಕುಬಿಟ್ಟೆ, ಅವರಿಗೆ ಏಕೆಂದು ತಿಳಿಯಲಿಲ್ಲ.

ನಾಲ್ಕನೆಯ ತಿಂಗಳು ಲೀಲಾ ಬಂದಳು. ಸ್ಟ್ರೆಚರ್ ಮೇಲೆ. ಮೊದಲು ಗುರುತು ಹತ್ತಲಿಲ್ಲ, ಹಿಂದೆ ಬಂದ ಸುಂದರಿಯಮ್ಮನನ್ನು ನೋಡಿದ ಮೇಲೆ ಹತ್ತಿತು. ಖಾಲಿ ಇದ್ದದ್ದು ಎಂಟನೆಯ ಮಂಚ ಒಂದೇ. ಅವರು ನನ್ನನ್ನು ಕಂಡು ನಿಂತಲ್ಲೇ ನಿಂತರು. “ಇವಳ ಹತ್ರ ಬೇಡ. ಎಲ್ಲಿ ಬೇಕಾದ್ರೂ ಹಾಕಿ, ಇವಳ ಹತ್ರ ನನ್ನ ಮಗಳು ಬೇಡ” ಎಂದು ನರ್ಸಿನ ಕೈ ಹಿಡಿದುಕೊಂಡರು. ಬೇರೆ ಮಂಚವಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಕೂಗದೆ ಕೇಳಿದರು. “ನಾನು ನಿನಗೆ ಎಂತ ಮಾಡಿದ್ದೆ? ತಿಂಡಿ ತಂದು ಕೊಡ್ತಿದ್ದೆನಲ್ಲ?”

ಅವಳದು ಬೇಗಬೇಗ ಹಬ್ಬುವ, ‘ಓಡುವ’ ಜಾತಿಯ ಕ್ಷಯ ಎಂದರು ಡಾಕ್ಟರು. ಎರಡೂ ಕಡೆ ಹಿಡಿದಿತ್ತು. ಎದೆ ಸ್ವಚ್ಛ ಇದೆಯೆಂದು ವೈನಿ ತಂದ ಸುದ್ದಿ ಆಗ ನಿಜವಾಗಿತ್ತೋ, ನನಗಾಗಿ ಹೇಳಿದ ಸುಳ್ಳೋ, ನಾನು ಕೇಳಲು ಹೋಗಲಿಲ್ಲ. ನನಗೆ ಹಾಕಿದ ಸೂಜಿಗಳನ್ನೇ ಅವಳಿಗೂ ಹಾಕಿದರು. ನನಗೆ ನಾಟಿದವು, ಅವಳಿಗೆ ನಾಟಲಿಲ್ಲ. ಏಕೆಂದು ಕೇಳಿದರೆ ಹಿರಿಯ ಡಾಕ್ಟರು ಕೈ ಮೇಲೆ ತೋರಿಸಿದರು. ಭೇಟಿಯ ಹೊತ್ತು ನಾಲ್ಕರಿಂದ ಆರು. ಆ ಎರಡು ಗಂಟೆ ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಉಳಿದ ಹೊತ್ತೆಲ್ಲ ಅವಳ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಬಿಳಿ ಪುಡಿಯನ್ನು ಬಾಳೆಹಣ್ಣಿನ ಚೂರಿನೊಳಗಿಟ್ಟು ನುಂಗಿಸಿದೆ, ಕಫದ ಬಟ್ಟಲು ಹಿಡಿದೆ, ತಲೆ ಬಾಚಿದೆ. ಅವಳಿಗೆ ನನ್ನ ಮೇಲೆ ಸಿಟ್ಟಿದ್ದಂತೆ ಕಾಣಲಿಲ್ಲ. ಅದನ್ನೇ ನನಗೆ ತಡೆಯಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ, ವಾರ್ಡಿನವರೆಲ್ಲ ಊಟ ಮಾಡಿ ಮಲಗಿದ್ದಾಗ ಅವಳು ಕರೆದಳು.

“ಸುಮಿತ್ರಕ್ಕ, ಒಂದು ಕೇಳ್ಲಾ? ಬೇಜಾರು ಮಾಡ್ಕೊಳ್ಬಾರ್ದು.”

“ಕೇಳು.”

“ನಿಮಗೆ ಮೊದ್ಲೇ ಗೊತ್ತಿತ್ತಾ?”

ಈ ಪ್ರಶ್ನೆಗೆ ಹೇಳಬೇಕಾದ ಸುಳ್ಳನ್ನು ನಾನು ಎಷ್ಟೋ ದಿನದಿಂದ ಸಿದ್ಧಮಾಡಿಕೊಂಡಿದ್ದೆ. ಬಾಯಿಗೆ ಬರಲಿಲ್ಲ. “ಗೊತ್ತಿತ್ತು ಲೀಲಾ. ಡಾಕ್ಟರು ಚೀಟಿ ಕೊಟ್ಟಿದ್ರು. ಐದು ವಾರ ಮುಚ್ಚಿಟ್ಟಿದ್ದೆ.”

ಅವಳು ಮೇಲಿನ ಪಂಖಾ ನೋಡುತ್ತ ಹೇಳಿದಳು. “ನನಗೂ ಗೊತ್ತಿತ್ತು.”

“ಏನು?”

“ನಿಮ್ಮ ಉಸಿರು ಕುತ್ತಿಗೆಗೆ ತಾಗ್ತಿತ್ತಲ್ಲ, ಸುಡ್ತಿತ್ತು. ಊರಲ್ಲಿ ನನ್ನ ಮಾವನಿಗೂ ಹೀಗೇ ಇತ್ತು. ಅವರ ಹತ್ರ ಕೂತಾಗ ಗೊತ್ತಾಗ್ತಿತ್ತು. ಅಮ್ಮನ ಹತ್ರ ಹೇಳಿದ್ರೆ ಮರುದಿನದಿಂದ ನನ್ನನ್ನು ಕಳಿಸ್ಲಿಕ್ಕೇ ಇಲ್ಲ. ಅದಕ್ಕೆ ಹೇಳ್ಲಿಲ್ಲ.”

“ಹೇಳಬೇಕಾಗಿತ್ತವಾ.”

“ನಿಮಗೂ ಹೇಳ್ಬಹುದಿತ್ತಲ್ಲ?” ಎಂದು ನಕ್ಕಳು. ನಗು ಕೆಮ್ಮಾಯಿತು. ಬಟ್ಟಲು ಹಿಡಿದೆ. ದಮ್ಮು ಬಂದ ಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡು ಹೇಳಿದಳು. “ಅಮ್ಮನಿಗೆ ಮಾತ್ರ ಇದು ಗೊತ್ತಾಗ್ಬಾರ್ದು. ಅವರಿಗೆ ತಡ್ಕೊಳ್ಲಿಕ್ಕೆ ಆಗ್ಲಿಕ್ಕಿಲ್ಲ.”

ನನ್ನ ಭಾರ ಕಡಿಮೆಯಾಯಿತೇ ಎಂದು ಯಾರಾದರೂ ಕೇಳಿಯಾರು. ಆಗಲಿಲ್ಲ. ಅವಳಿಗೆ ಹದಿನೇಳು, ನನಗೆ ಇಪ್ಪತ್ನಾಲ್ಕು. ಗೊತ್ತಿದ್ದೂ ಸುಮ್ಮನಿರುವುದಕ್ಕೂ ಒಂದು ವಯಸ್ಸಿನ ಲೆಕ್ಕವಿದೆ.

ಮಳೆ ಶುರುವಾದ ಎರಡನೆಯ ವಾರ, ಬೆಳಿಗ್ಗೆ ಚಹಾ ಹಂಚುವ ಹೊತ್ತಿಗೆ ಅವಳು ಹೋದಳು. ಕೊನೆಯ ಅರ್ಧ ಗಂಟೆ ಅವಳ ಉಸಿರು ಅರ್ಧಕ್ಕೆ ಸಿಕ್ಕಿಕೊಂಡು, ನಡುಗಿ, ಏರುತ್ತಿತ್ತು. ನಾನು ಅವಳ ಬೆನ್ನಿಗೆ ಎದೆಯಾನಿಸಿ ಕೂತು ಎತ್ತಿ ಹಿಡಿದಿದ್ದೆ. ನನ್ನ ಉಸಿರು ಆಗ ಸರಾಗವಾಗಿತ್ತು. ಸುಂದರಿಯಮ್ಮ ಬರುವಷ್ಟರಲ್ಲಿ ಮಂಚದ ಸುತ್ತ ಮರೆಗೆ ತಟ್ಟಿ ನಿಲ್ಲಿಸಿದ್ದರು. ಮುರಿದು ಬಿದ್ದದ್ದು ಮತ್ತೆ ಏಳುತ್ತದೆ ಎಂದು ಆ ನಾಟಕ ನೋಡಿ ಅತ್ತವರ ಬಗ್ಗೆ ನನಗೆ ದೂರಿಲ್ಲ. ಏಳುವವರು ಏಳುತ್ತಾರೆ, ನಾನೂ ಎದ್ದೆ. ಯಾರನ್ನು ಆಧಾರಕ್ಕೆ ಹಿಡಿದುಕೊಂಡಿದ್ದೆವು, ಅವರು ಏನಾದರು ಎಂದು ಆ ಕಥೆಯಲ್ಲಿ ಯಾರೂ ಕೇಳುವುದಿಲ್ಲ. ಇದನ್ನು ಓದುವವರಲ್ಲಿ ಯಾರ ಚೀಲದಲ್ಲಾದರೂ, ಯಾರ ಖಾನೆಯಲ್ಲಾದರೂ ಅಂಥದೊಂದು ಚೀಟಿ ಇದ್ದರೆ ಇವತ್ತೇ ಹೋಗಿ. ನಾಚಿಕೆಯಾಗುತ್ತದೆ, ಭಯವಾಗುತ್ತದೆ, ನನಗೆ ಗೊತ್ತು. ಆದರೂ ಹೋಗಿ.

ನಾನು ಬಿಡುಗಡೆಯಾಗಿ ಎರಡು ವರ್ಷವಾದ ಮೇಲೆ, ಬಾಂದ್ರಾದ ಮಾರ್ಕೆಟ್ಟಿನಲ್ಲಿ ಸುಂದರಿಯಮ್ಮ ಎದುರಾದರು. ಮುಖ ತಿರುಗಿಸಿ ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೋಟೆಲು ಕೊಟ್ಟುಬಿಟ್ಟೆವು, ಮುಂದಿನ ವಾರ ಊರಿಗೆ ಹೋಗುತ್ತೇವೆ ಎಂದರು. ಆಮೇಲೆ ತರಕಾರಿಯ ಚೀಲ ಕೆಳಗಿಟ್ಟರು.

“ಒಂದು ಕೇಳ್ಲಿಕ್ಕುಂಟು. ಸುಳ್ಳು ಹೇಳ್ಬೇಡ. ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು, ಅಮ್ಮಾರ.”

ಅವರು ಕಣ್ಣು ಮುಚ್ಚಿ ತೆರೆದರು. ಅವರು ನಿಜವಾಗಿ ಕೇಳಬೇಕೆಂದಿದ್ದ ಪ್ರಶ್ನೆ ಅದಲ್ಲವೆಂದು ನನಗೆ ಆಗ ತಿಳಿಯಿತು.

“ಮತ್ತೆ... ಅವಳಿಗೆ? ಮಗುವಿಗೆ ಗೊತ್ತಿತ್ತಾ? ಗೊತ್ತಿದ್ದೂ ನನ್ನ ಹತ್ರ ಹೇಳ್ಲಿಲ್ವಾ?”

“ಇಲ್ಲ ಅಮ್ಮಾರ. ಅವಳಿಗೇನೂ ಗೊತ್ತಿರಲಿಲ್ಲ. ಗೊತ್ತಿದ್ರ ನಿಮಗ ಹೇಳದ ಇರ್ತಿದ್ಲೇನು?”

“ಹೌದು” ಎಂದರು. “ಹೇಳ್ತಿದ್ಲು. ನನ್ನ ಹತ್ರ ಖಂಡಿತ ಹೇಳ್ತಿದ್ಲು.” ಚೀಲ ಎತ್ತಿಕೊಂಡು ನನ್ನ ಮುಖವನ್ನು ನೇರವಾಗಿ ನೋಡಿದರು. “ನಿನ್ನನ್ನು ನಾನು ಸಾಯುವವರೆಗೆ ಕ್ಷಮಿಸ್ಲಿಕ್ಕಿಲ್ಲ.”

“ಕ್ಷಮಿಸಬ್ಯಾಡ್ರಿ” ಎಂದೆ.

ಅವರು ತಲೆಯಾಡಿಸಿ, ಸ್ಟೇಷನ್ನಿನ ಕಡೆ ನಡೆದು ಹೋದರು.